ಬಂದಂಥವರು ಯಾರು?

"ಎರಡೇ ಎರಡು ಮಾತು" ಎಂದು ಮೈಕು ಹಿಡಿದ ಐದನೆಯ ಭಾಷಣಕಾರರು ಅರ್ಧ ಗಂಟೆಯಾದರೂ ಮೊದಲನೆಯ ಮಾತನ್ನೇ ಮುಗಿಸಿರಲಿಲ್ಲ. ತುಮಕೂರಿನ ಆ ರಂಗಮಂದಿರದ ಬಣ್ಣದ ಕೋಣೆಯಲ್ಲಿ ಉಮಾಮಹೇಶ್ವರಿ ಮುಖವಾಡದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಧ್ವನಿವರ್ಧಕದ ಒಂದೊಂದು ಮಾತೂ ಗೋಡೆ ದಾಟಿ ಬಂದು ಅವಳ ಮೈ ಉರಿಸುತ್ತಿತ್ತು. ಅವಳನ್ನು ಆಗಲೇ ಮೂರು ಸಲ "ಗುಬ್ಬಿಯ ಹೆಮ್ಮೆಯ ಪುತ್ರಿ" ಎಂದು ಕರೆದಾಗಿತ್ತು. ಅವಳು ಹುಟ್ಟಿದ್ದು ಹುಲಿಯೂರುದುರ್ಗದಲ್ಲಿ. ನಾಟಕದವಳು ಎಂದ ಮೇಲೆ ಗುಬ್ಬಿಯವಳೇ ಇರಬೇಕೆಂದು ಯಾರೋ ತೀರ್ಮಾನಿಸಿ ಬ್ಯಾನರನ್ನೂ ಹಾಗೇ ಬರೆಸಿದ್ದರು.

ಪಕ್ಕದ ಬೆಂಚಿನ ಮೇಲೆ ಅಡವಿಯಪ್ಪ ರುಮಾಲು ಸುತ್ತಿ, ತಾಳವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ. ಅವಳ ದೊಡ್ಡಪ್ಪ. ಕುಣಿಗಲ್ ಸೀಮೆಯಲ್ಲಿ ಮೂಡಲಪಾಯ ಯಕ್ಷಗಾನದ ಆಟ ನೋಡಿದ ಹಳಬರಿಗೆಲ್ಲ ಅಡವಿಯಪ್ಪನ ಸಾರಥಿ ಪಾತ್ರ ಗೊತ್ತು. ವೇಷ ರಾಜನದೇ ಇರಲಿ, ರಾಕ್ಷಸನದೇ ಇರಲಿ, ರಂಗಕ್ಕೆ ಬಂದ ಮೇಲೆ ಸಾರಥಿ ಎದುರಿಗೆ ನಿಂತು "ಬಂದಂಥವರು ಯಾರು?" ಎಂದು ಕೇಳಬೇಕು. ಕೇಳುವ ತನಕ ರಾಜನೂ ಮೂಕನೇ. ಚಿಕ್ಕಂದಿನಲ್ಲಿ ತೆರೆಯ ಅಂಚು ಹಿಡಿದು ನಿಂತು ಆ ಪ್ರಶ್ನೆಯನ್ನು ಕಿವಿಯಲ್ಲಿ ತುಂಬಿಕೊಂಡು ಬೆಳೆದವಳು ಅವಳು. ಹೆಣ್ಣುಮಕ್ಕಳಿಗೆ ಆಗ ತೆರೆ ಹಿಡಿಯುವುದಷ್ಟೇ ಸಿಕ್ಕುತ್ತಿದ್ದ ಕೆಲಸ.

ಆಮೇಲೆ ಅವಳು ಜಪಾನಿಗೆ ಹೋದಳು. ಅಲ್ಲಿ ನೋ ಎನ್ನುವ ಮುಖವಾಡದ ಹಳೆಯ ಆಟವಿದೆ. ಕ್ಯೋಟೋದ ಗುರು ಮೊದಲ ವರ್ಷವೆಲ್ಲ ಅವಳಿಗೆ ನಡಿಗೆಯೊಂದನ್ನೇ ಕಲಿಸಿದ. ಹಿಮ್ಮಡಿ ಎತ್ತದೆ, ಹಲಗೆಯನ್ನು ಪಾದದಿಂದ ಸವರಿಕೊಂಡು ಹೋಗುವ ನಡಿಗೆ. ಆ ಆಟದಲ್ಲಿ ಸತ್ತವರು ಬರುತ್ತಾರೆ. ದಾರಿಹೋಕನೊಬ್ಬ ನೀನು ಯಾರೆಂದು ಕೇಳುತ್ತಾನೆ, ಕೇಳಿದ ಮೇಲೆ ಅವರು ತಮ್ಮ ಸಂಕಟ ಹೇಳಿಕೊಳ್ಳುತ್ತಾರೆ. ಮೊದಲ ಸಲ ಅದನ್ನು ನೋಡಿದ ದಿನ ಉಮಾಮಹೇಶ್ವರಿ ದೊಡ್ಡಪ್ಪನನ್ನು ನೆನೆದು ಕೂತಲ್ಲೇ ಅತ್ತಿದ್ದಳು. ಅಲ್ಲಿಂದ ನ್ಯೂಯಾರ್ಕಿಗೆ. ಅಲ್ಲಿ ಅವಳು ಸೇರಿದ ತಂಡಕ್ಕೆ ರಂಗಮಂದಿರವೇ ಇರಲಿಲ್ಲ. ಬಟ್ಟೆ ಒಗೆಯುವ ಅಂಗಡಿಯಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ, ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಆಡುತ್ತಿದ್ದರು. ಪೊಲೀಸರು ಎಬ್ಬಿಸಿದರೆ ಮುಂದಿನ ಬೀದಿಗೆ ಹೋಗುತ್ತಿದ್ದರು. ಇಷ್ಟನ್ನೆಲ್ಲ ಕಲಿತ ಮೇಲೆ ಅವಳಿಗೆ ಉಳಿದಿದ್ದ ಆಸೆ ಒಂದೇ. ದೊಡ್ಡಪ್ಪ ಆ ಪ್ರಶ್ನೆ ಕೇಳಬೇಕು, ತಾನು ಉತ್ತರ ಹೇಳಬೇಕು, ಅದೂ ಇಲ್ಲಿ.

ಅಡವಿಯಪ್ಪ ಸುಲಭಕ್ಕೆ ಒಪ್ಪಿರಲಿಲ್ಲ. ತುಮಕೂರಿನ ಹೆಸರೆತ್ತಿದರೆ ಅವನಿಗೆ ಕೆಂಡದಂಥ ಕೋಪ.

"ನಮ್ಮುನ್ನ ಮಂತ್ರಿ ಕಾರ್ ಮುಂದೆ ಕುಣ್ಸಕ್ಕೆ ಕರೀತಾರೆ ಕಣವ್ವ" ಎಂದಿದ್ದ. "ಬಿಸ್ಲಲ್ಲಿ ಕಿರೀಟ ಹೊತ್ಕಂಡು ಊರೆಲ್ಲ ಕುಣ್ಕಂಡ್ ಬಂದ್ರೆ, ಸ್ಟೇಜ್ ಹತ್ರ ಬಂದೇಟ್ಗೆ ಸೈಡಿಗ್ ಹೋಗ್ರಿ ಅಂತಾರೆ. ಒಂದ್ ದಪಾನೂ ಕೇಳೋ ಮಾತು ಕೇಳಕ್ಕೆ ಬುಡ್ನಿಲ್ಲ. ನಾ ಬರಕಿಲ್ಲ."

"ಈ ಸಲ ಪೂರ್ತಿ ಆಟ, ದೊಡ್ಡಪ್ಪ. ಮಧ್ಯದಲ್ಲಿ ಯಾರೂ ಬರಲ್ಲ. ಮಾತು ಕೊಡ್ತೀನಿ."

ಆ ಮಾತಿನ ಮೇಲೆ ಅವನು ತಾಳ ತೆಗೆದು ಹುಣಸೆಹಣ್ಣು ಹಚ್ಚಿ ಉಜ್ಜಿದ್ದ. ಹುಲಿಯೂರುದುರ್ಗದ ಮನೆಯ ಜಗಲಿಯ ಮೇಲೆ ಇಬ್ಬರೂ ಒಂದು ತಿಂಗಳು ತಾಲೀಮು ಮಾಡಿದ್ದರು. ಕಥೆ ದೊಡ್ಡದೇನಲ್ಲ. ವಸಂತನರಸಾಪುರದ ಕಡೆ ತೋಟ, ಮನೆ ಇದ್ದ ಮುದುಕಿಯೊಬ್ಬಳು ಸತ್ತ ಮೇಲೆ ತನ್ನ ಹೊಸ್ತಿಲು ಹುಡುಕಿಕೊಂಡು ಬರುತ್ತಾಳೆ. ಹೊಸ್ತಿಲಿದ್ದ ಜಾಗದಲ್ಲಿ ಫ್ಯಾಕ್ಟರಿಯ ಕಾಂಪೌಂಡು ಎದ್ದಿದೆ. ಯಾರಾದರೂ ಕೇಳಿದರೆ ಅವಳು ತನ್ನ ಹೆಸರು ಹೇಳಬೇಕು.

ಬಾಗಿಲು ತಳ್ಳಿಕೊಂಡು ಷಡಕ್ಷರಿ ಒಳಗೆ ಬಂದ. ಶಿರಾ ಗೇಟಿನಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟವನು. ಅವಳ ಸನ್ಮಾನ, ನಾಟಕ ಎರಡನ್ನೂ ಏರ್ಪಡಿಸಿದ ಸಾಂಸ್ಕೃತಿಕ ವೇದಿಕೆಯ ಅಧ್ಯಕ್ಷ. ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಬೈಯುವುದಾದರೂ ಸುಲಭವಾಗುತ್ತಿತ್ತು. ಮುಖ್ಯ ಅತಿಥಿಗಳು ಇನ್ನೂ ದಾರಿಯಲ್ಲಿದ್ದಾರೆ, ಎಂಟೂವರೆಗೆ ಹಾಲ್‌ನವರು ಬೀಗ ಹಾಕುತ್ತಾರೆ, ಆದ್ದರಿಂದ ನಾಟಕವನ್ನು ಹತ್ತು ನಿಮಿಷಕ್ಕೆ ಇಳಿಸಬೇಕು ಎಂದು ಕೈಮುಗಿದು ಕೇಳಿಕೊಂಡ.

"ನಡೆದು ಬರೋದಕ್ಕೇ ಹತ್ತು ನಿಮಿಷ ಬೇಕು" ಎಂದಳು ಉಮಾಮಹೇಶ್ವರಿ.

"ಸ್ವಲ್ಪ ಬೇಗ ನಡೀರಿ ಮೇಡಂ" ಎಂದ ಷಡಕ್ಷರಿ, ನಿಜವಾಗಿಯೂ ಸಹಾಯ ಮಾಡುವವನ ಹಾಗೆ.

ಅವಳು ಪೆಟ್ಟಿಗೆ ತೆರೆದು ಮುಖವಾಡಕ್ಕೆ ತಲೆಬಾಗಿ, ಎರಡೂ ಕಿವಿಯ ಅಂಚಿನಲ್ಲಿ ಮಾತ್ರ ಹಿಡಿದು ಎತ್ತಿ ಮುಖಕ್ಕೆ ಕಟ್ಟಿಕೊಂಡಳು. ಅದರ ಕೆನ್ನೆ, ಹಣೆಯನ್ನು ಮುಟ್ಟಬಾರದು. ಕ್ಯೋಟೋದ ಗುರುವೂ ಮುಟ್ಟುತ್ತಿರಲಿಲ್ಲ.

ದೀಪಗಳು ಮಂದವಾದವು. ಅಡವಿಯಪ್ಪ ರಂಗದ ಬಲಗಡೆ ಕೂತು ಒಮ್ಮೆ ತಾಳ ತಟ್ಟಿದ. ಮುದುಕಿ ಹೊರಟಳು. ಬಿಳಿಯ ಸೀರೆ, ಬಿಳಿಯ ಮುಖ, ಹಲಗೆಯ ಮೇಲೆ ಸವರುವ ಪಾದ. ಹಿಂದಿನ ಸಾಲಿನಲ್ಲಿ ಯಾರದೋ ಮೊಬೈಲು ಹಾಡಿ ನಿಂತಿತು. ಆಮೇಲೆ, ಆಶ್ಚರ್ಯ, ಸಭೆ ಸುಮ್ಮನಾಯಿತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿ ಆ ಪಾದಗಳನ್ನೇ ನೋಡತೊಡಗಿದರು. ಅವಳು ಅರ್ಧ ದಾರಿ ಬಂದಿದ್ದಳು.

ಆ ಮೌನವೇ ಷಡಕ್ಷರಿಯನ್ನು ಹೆದರಿಸಿತು. ಅವನ ಲೆಕ್ಕದಲ್ಲಿ ರಂಗದ ಮೇಲೆ ಮೌನವೆಂದರೆ ಮೈಕು ಕೆಟ್ಟಿದೆ ಎಂದರ್ಥ. ಪಾಪ, ಕಲಾವಿದೆ ಮಾತು ಮರೆತು ನಿಂತುಬಿಟ್ಟಿದ್ದಾರೆ, ಮರ್ಯಾದೆ ಉಳಿಸಬೇಕು ಎಂದುಕೊಂಡ. ಅದೇ ಹೊತ್ತಿಗೆ ಮುಖ್ಯ ಅತಿಥಿಗಳ ಕಾರೂ ಬಂತು. ದೀಪ ಹಾಕಿಸಿ, ಶಾಲು, ಪೇಟ, ಹಣ್ಣಿನ ಬುಟ್ಟಿ, ಅತಿಥಿ, ಫೋಟೋದವರು ಎಲ್ಲರನ್ನೂ ಕರೆದುಕೊಂಡು ರಂಗಕ್ಕೆ ಹತ್ತಿಬಿಟ್ಟ.

"ತಾಂತ್ರಿಕ ತೊಂದರೆಗೆ ಕ್ಷಮೆ ಇರಲಿ" ಎಂದು ಸಭೆಗೆ ಹೇಳಿ, ಸತ್ತ ಮುದುಕಿಯ ಹೆಗಲಿಗೆ ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟರು. ಮುಖ ಕ್ಯಾಮೆರಾದ ಕಡೆಗಿಲ್ಲವೆಂದು ಷಡಕ್ಷರಿ ಮುಖವಾಡದ ಕೆನ್ನೆ ಹಿಡಿದು ತಿರುಗಿಸಿದ. ಆಗತಾನೇ ಅತಿಥಿಗೆ ತಿಲಕವಿಟ್ಟ ಅವನ ಹೆಬ್ಬೆರಳಿನ ಕುಂಕುಮ ಆ ಬಿಳಿಯ ಕೆನ್ನೆಗೆ ಅಂಟಿಕೊಂಡಿತು. ಒಳಗೆ ಉಮಾಮಹೇಶ್ವರಿಗೆ ಬುಟ್ಟಿಯ ಸೇಬುಗಳನ್ನು ಒಂದೊಂದಾಗಿ ತೆಗೆದು ಅವನ ತಲೆಗೆ ಹೊಡೆಯಬೇಕೆನಿಸಿತು. ಕಣ್ಣಲ್ಲಿ ನೀರು ಬಂದದ್ದು ದುಃಖಕ್ಕಲ್ಲ, ರೋಷಕ್ಕೆ.

ಅಡವಿಯಪ್ಪ ಎದ್ದು ನಿಂತ. ನೇರ ಷಡಕ್ಷರಿಯ ಎದುರಿಗೆ ಹೋಗಿ ಸಾರಥಿಯ ಆ ಹಳೆಯ ಗಂಟಲಿನಲ್ಲಿ ಕೇಳಿದ: "ಬಂದಂಥವರು ಯಾರು?"

ರಂಗಸ್ಥಳಕ್ಕೆ ಕಾಲಿಟ್ಟವನು ಯಾರೇ ಆಗಲಿ ಉತ್ತರ ಹೇಳಲೇಬೇಕು. ಅಡವಿಯಪ್ಪನಿಗೆ ಗೊತ್ತಿದ್ದ ಅತಿ ದೊಡ್ಡ ಶಿಕ್ಷೆ ಅದು.

ಷಡಕ್ಷರಿಗೆ ಖುಷಿಯಾಯಿತು. ಎಲ್ಲರೂ ಅವನಿಗೆ ಅಧ್ಯಕ್ಷರೇ ಎನ್ನುತ್ತಿದ್ದರೇ ಹೊರತು ನೀನು ಯಾರೆಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಮೈಕು ತೆಗೆದುಕೊಂಡು ತನ್ನ ಹೆಸರು, ತಂದೆಯ ಹೆಸರು, ಅಂಗಡಿ ಶುರುಮಾಡಿದ ಕಷ್ಟ, ವೇದಿಕೆ ಹುಟ್ಟಿದ ಕಥೆ, ಶಾಮಿಯಾನದವರು, ತಿಂಡಿ ಕೊಡಿಸಿದ ಪುಣ್ಯಾತ್ಮರು ಎಲ್ಲರನ್ನೂ ನೆನೆದು, ವಂದನಾರ್ಪಣೆಯನ್ನೂ ಅಲ್ಲೇ ಮುಗಿಸಿದ. ಜನ ನಗುತ್ತ ಚಪ್ಪಾಳೆ ತಟ್ಟಿ ಖಾರಾಬಾತಿನ ಪೊಟ್ಟಣಗಳ ಕಡೆಗೆ ಎದ್ದರು. ಹಾಲಿನ ಕಾವಲುಗಾರ ಬೀಗದ ಗೊಂಚಲು ಹಿಡಿದು ಬಾಗಿಲಲ್ಲಿ ನಿಂತ.

ಅಡವಿಯಪ್ಪ ತಾಳವನ್ನು ಟವೆಲಿನಲ್ಲಿ ಸುತ್ತುತ್ತ ಅವಳ ಮುಖ ನೋಡದೆ ಹೇಳಿದ. "ನೀ ಮಾತು ಕೊಟ್ಟಿದ್ದೆ ಕಣವ್ವ."

ಮುದುಕಿ ಉತ್ತರಿಸಲಿಲ್ಲ. ಅವಳನ್ನು ಇನ್ನೂ ಯಾರೂ ಕೇಳಿರಲಿಲ್ಲ. ತಲೆಯ ಪೇಟವನ್ನು ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟಳು. ಹೆಗಲಿನಿಂದ ಶಾಲು ತಾನಾಗಿ ಜಾರಿ ಬಿತ್ತು. ನಿಂತಿದ್ದ ಜಾಗದಿಂದಲೇ ಮತ್ತೆ ಹೊರಟಳು, ಹಿಮ್ಮಡಿ ಎತ್ತದೆ. ರಂಗದ ಮೆಟ್ಟಿಲಿಳಿದು ಕುರ್ಚಿಗಳ ನಡುವೆ ಬಂದಳು. ಗ್ರೂಪ್ ಫೋಟೋ ಇದೆ ಎಂದು ಷಡಕ್ಷರಿ ಹಿಂದಿನಿಂದ ಕೂಗಿದ. ಪೊಟ್ಟಣ ಹಿಡಿದವರು ತಿನ್ನುವುದನ್ನು ಬಿಟ್ಟು ದಾರಿ ಬಿಟ್ಟರು. ಅವಳು ಬಾಗಿಲು ದಾಟಿ, ಅಂಗಳ ದಾಟಿ, ಗೇಟಿನ ಹೊರಗೆ ರಸ್ತೆಗೆ ಬಂದಳು.

ಅಡವಿಯಪ್ಪ ಒಂದು ಗಳಿಗೆ ನಿಂತು ನೋಡಿದ. ಆಮೇಲೆ ಟವೆಲು ಬಿಚ್ಚಿ ತಾಳ ಕೈಗೆ ತೆಗೆದುಕೊಂಡು ಹಿಂದೆಯೇ ನಡೆದ.

ಅವರ ಹಿಂದೆ ಕಾವಲುಗಾರ ಗೇಟೆಳೆದು ಬೀಗ ಹಾಕಿದ. ಕಾಂಪೌಂಡಿನ ಗೋಡೆಗೆ ಬೆನ್ನು ಕೊಟ್ಟು ಅವಳು ನಿಂತಳು. ಎದುರಿಗೆ ಬಸ್ಸು, ಬೈಕು, ಹಾರ್ನು. ಮುಖವಾಡದ ಕೆನ್ನೆಯ ಮೇಲೆ ಕುಂಕುಮದ ಹೆಬ್ಬೆಟ್ಟು ಹಾಗೇ ಇತ್ತು. ಅಡವಿಯಪ್ಪ ಒಮ್ಮೆ ತಾಳ ತಟ್ಟಿ ಅವಳೆದುರಿಗೆ ನಿಂತ.

"ಬಂದಂಥವರು ಯಾರು?"

ಬಾಡಿಗೆಗೆ ಕಾಯುತ್ತಿದ್ದ ಆಟೋದವನು ಕತ್ತು ಹೊರಗೆ ಹಾಕಿ ನೋಡಿದ. ಹಾಗೇ ಕೈ ಚಾಚಿ ಇಂಜಿನ್ ಆರಿಸಿದ.