ದುಂಡವ್ವನ ಹೊತ್ತಿಗೆಯ ಮೂರನೆಯ ಹಾಳೆ

ಹದಿನಾಲ್ಕನೇ ಬಾಟಲಿಯ ಮಸಿಯೂ ಕೈಕೊಟ್ಟಿತು. ನನ್ನ ನೋಟುಬುಕ್ಕಿನಲ್ಲಿ ಕಪ್ಪಗೆ, ಚೊಕ್ಕವಾಗಿ ನಿಂತದ್ದು ದುಂಡವ್ವನ ಹಳೆಯ ಹಾಳೆಗೆ ತಾಗಿದ್ದೇ ತಡ, ಗೋಡೆಯ ತೇವದಂತೆ ಹರಡಿಕೊಂಡಿತು. ಅಲ್ಲಿಗೆ ಎರಡನೆಯ ಹಾಳೆಯೂ ಹೋಯಿತು.

ಯರಗುಪ್ಪಿಯ ದುಂಡವ್ವನ ಮನೆಯಲ್ಲಿ ಅವಳ ಮುತ್ತಜ್ಜ ಬರೆದ ಶಿವಸ್ತುತಿಯ ಹೊತ್ತಿಗೆಯಿದೆ. ಶ್ರಾವಣದ ಕಡೆಯ ಸೋಮವಾರ ಅದನ್ನು ಓದುತ್ತಾರೆ. ಅದರ ಒಂದು ಹಾಳೆ ಹುಳ ತಿಂದು, ಮುಟ್ಟಿದರೆ ಉದುರುವಂತಾಗಿದೆ. ಅದನ್ನು ನಕಲು ಮಾಡಿಕೊಡಲು ನಾನು ಒಪ್ಪಿಕೊಂಡಿದ್ದೆ. ಹಗಲು ಹಾಲಿನ ಸೊಸೈಟಿಯಲ್ಲಿ ಕೆಲಸ ಮಾಡುವ ನನಗಿದ್ದ ಯೋಗ್ಯತೆ, ಹುಬ್ಬಳ್ಳಿಯ ಸಂಜೆ ತರಗತಿಯಲ್ಲಿ ಒಂದು ವರ್ಷ ಹಳೆಯ ಅಕ್ಷರ ಓದಲು ಕಲಿತದ್ದು, ಅಷ್ಟೇ.

ಹೊತ್ತಿಗೆಯ ಕೊನೆಗಿದ್ದ ಮೂರು ಖಾಲಿ ಹಾಳೆಗಳಲ್ಲೇ ಬರೆಯಬೇಕು, ಮಸಿಯೂ ಮುತ್ತಜ್ಜ ಬರೆದಿಟ್ಟ ಪ್ರಕಾರವೇ ಆಗಬೇಕು ಎಂಬುದು ದುಂಡವ್ವನ ಹಟ. ಅಳಲೆಕಾಯಿ ಕುಟ್ಟಿ ಕಬ್ಬಿಣದ ಬಾಣಲೆಯಲ್ಲಿ ಕುದಿಸಿ, ಗರಗದ ಸೊಪ್ಪಿನ ರಸ, ದೀಪದ ಕಾಡಿಗೆ, ಜಾಲಿ ಅಂಟು ತಕ್ಕಷ್ಟು ಸೇರಿಸುವುದು. ಎಷ್ಟು? ಆ ಪುಣ್ಯಾತ್ಮ ಹೇಳಿಲ್ಲ.

"ಅಳತಿನ ಬರದಿಲ್ರಿ, ಆಯಿ," ಅಂದಿದ್ದೆ.

"ಸಾರಿಗೆ ಉಪ್ಪು ತಕ್ಕಡಿ ಹಿಡದು ಹಾಕ್ತಾರೇನಬೇ? ಓದಿದಾಕಿ ಅಂತ ಕರಸೀನಿ ನಿನ್ನ."

ಹಳೆಯ ಕಾಗದದ ಗಂಜಿ ಹೋಗಿ ಅದು ಅರಿವೆಯಂತೆ ಹೀರುತ್ತದೆಂದು ನನಗೆ ಹೊಳೆದದ್ದು ಈಗ. ಹೆಚ್ಚು ಅಂಟು ಬೇಕಿತ್ತು. ಎಷ್ಟು ಹೆಚ್ಚು ಅಂತ ನೋಡಲು ಹಳೆಯ ಕಾಗದವೇ ಬೇಕು. ಕೆಟ್ಟ ಹಾಳೆಗಳ ಅಂಚಾದರೂ ಸಿಗುತ್ತಿತ್ತು. ಆದರೆ ಶಿವನ ಹೆಸರು ಬಿದ್ದದ್ದು ಕಸವಾಗಬಾರದೆಂದು ದುಂಡವ್ವ ಎರಡನ್ನೂ ಬಾವಿಗೆ ಬಿಟ್ಟಿದ್ದಳು.

"ಅಂಗಡ್ಯಾಗಿನ ಮಸಿ ತಂದು ನಿನ್ನ ಬಾಟಲಿಗೆ ಸುರುವು," ಅಂದರು ನನ್ನ ಗಂಡ ಕಿರಣಕುಮಾರ. "ಶಿವ ಏನ್ ಮೂಸಿ ನೋಡ್ತಾನ?"

ಅಂಗಡಿಯ ಮೆಟ್ಟಿಲವರೆಗೂ ಹೋದೆ. ನಾಚಿಕೆಯಾಗಿ ವಾಪಸು ಬಂದೆ.

ಭಾನುವಾರ ಮಧ್ಯಾಹ್ನ, ಇನ್ನೊಂದೇ ದಿನ ಉಳಿದಿದ್ದಾಗ, ಮಸಿಯನ್ನೂ ಅಂಟಿನ ನೀರನ್ನೂ ಹಿಡಿದು ದುಂಡವ್ವನ ಪಡಸಾಲೆಯಲ್ಲಿ, ಉಳಿದ ಒಂದೇ ಹಾಳೆಯ ಮುಂದೆ ಕೂತೆ.

"ಆಯಿ, ಮೂಲ್ಯಾಗ ಒಂದ ಚುಕ್ಕಿ ಇಟ್ಟು ನೋಡ್ಲೇನ್ರಿ?"

"ಚುಕ್ಕಿ ಗಿಕ್ಕಿ ಬ್ಯಾಡ. ಶ್ರೀಕಾರ ಹಾಕದೆ ಈ ಹೊತ್ತಿಗಿಯೊಳಗ ಯಾರೂ ಏನೂ ಬರದಿಲ್ಲ."

"ಹಂಗಾರ ಶ್ರೀಕಾರನ ಹಾಕ್ತೀನ್ರಿ," ಅಂದೆ, ಸಿಟ್ಟಿನಲ್ಲೇ.

"ಹಾಕು."

"ಅದೂ ಕೆಟ್ಟರ?"

"ಇನ್ನೊಂದು ಹಾಕು. ಶ್ರೀಕಾರ ಹೆಚ್ಚಾತಂತ ಯಾರರ ಬೈತಾರೇನು?"

ಮೊದಲನೆಯ ಶ್ರೀ ಹರಡಿತು. ಅಂಟು ಎರಡು ಹನಿ ಸೇರಿಸಿದೆ. ಎರಡನೆಯದೂ ಹರಡಿತು, ಮೂರನೆಯದೂ, ನಾಲ್ಕನೆಯದೂ. ಐದನೆಯದಕ್ಕೆ ಮಸಿ ಗಟ್ಟಿಯಾಗಿ ಬಿದಿರಿನ ಲೇಖನಿ ತಡವರಿಸಿತು. ನೀರು ಬೆರೆಸಿದೆ. ಆರನೆಯದು ಒಂದು ಕಡೆ ಮಾತ್ರ ಹರಡಿತು. ಏಳನೆಯ ಶ್ರೀ ಇಟ್ಟಲ್ಲೇ ನಿಂತಿತು.

"ನಿಂತೈತ್ರೀ ಆಯಿ!"

ದುಂಡವ್ವ ಬಗ್ಗಿ ನೋಡಿದಳು. "ನಿಂತೈತಿ ಖರೆ. ಬರಿಯಾಕ ಜಾಗಾ ಎಲ್ಲೈತಿ?"

ಅರ್ಧ ಹಾಳೆಯನ್ನು ಕಲೆಗಳು ನುಂಗಿದ್ದವು. ಹಿಂಬದಿಗೂ ಇಳಿದಿದ್ದವು. ಬರೆಯಬೇಕಾದದ್ದು ಒಂಬತ್ತು ಸಾಲು. ಎಷ್ಟು ಒತ್ತಿ ಬರೆದರೂ ಐದಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಮೊದಲೇ ಸಣ್ಣ ಅಕ್ಷರದಲ್ಲಿ ಹಾಕಬಾರದಿತ್ತೇ ಎಂದು ತಲೆ ಚಚ್ಚಿಕೊಳ್ಳುವಂತಾಯಿತು.

"ಐದು ಬರಿ. ಉಳದ ನಾಲ್ಕು ನನಗ ಬಾಯಾಗ ಬರ್ತಾವು."

"ನೀವು ಹೋದ ಮ್ಯಾಲೆ?" ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

ದುಂಡವ್ವ ಬೈಯಲಿಲ್ಲ. "ನಾ ಹೋಗೂದ್ರಾಗ ನಿನ್ನ ಮಸಿ ಆಕ್ಕೈತೋ ಇಲ್ಲೋ ಅಂತ ನನಗೂ ಚಿಂತಿ ಇತ್ತು ನೋಡು," ಅಂದು ಅಡುಗೆಮನೆಯತ್ತ ತಿರುಗಿ ಸೊಸೆಯನ್ನು ಕೂಗಿದಳು. "ಗಂಗಾ, ಒಲಿ ಆರಿಸಿ ಬಾರವಾ. ನಾಲ್ಕು ಸಾಲು ಬಾಯಿಪಾಠ ಮಾಡೂದೈತಿ."

ಗಂಗಾ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಅತ್ತೆ ಹೇಳಿದ್ದನ್ನು ಅವಳು ತಪ್ಪು ತಪ್ಪಾಗಿ ಹೇಳುತ್ತಿರುವಾಗ, ಪಕ್ಕದಲ್ಲಿ ನಾನು ಐದು ಸಾಲು ಬರೆದೆ. ಒಂದು ಅಕ್ಷರವೂ ಹರಡಲಿಲ್ಲ. ಮಸಿ ಸರಿಹೋದಾಗ ಜಾಗವಿಲ್ಲವಲ್ಲ ಎಂದು ಅದೇ ನನ್ನ ಹೊಟ್ಟೆ ಉರಿಸಿತು.