ಕಬ್ಬಿನೊಳಗೆ ಅಕ್ಕ

"ಕಣ್ಣು ಉರಿಯುತ್ತಂತೆ ಮಹಾರಾಣಿಗೆ! ಕಣ್ಣು ಮುಚ್ಕೊಂಡು ಹೊಡಿಯೇ, ಬೋಸುಡಿ."

ಧಣಿ ನ್ಯಾನೋ ಗೊಬ್ಬರದ ಬಾಟ್ಲಿಯನ್ನು ನೀರಿನ ಡ್ರಮ್ಮಿಗೆ ಬಗ್ಗಿಸಿ, ಅದರ ಬೆನ್ನಿಗೇ ಹುಳದ ಔಷಧಿಯನ್ನೂ ಸುರಿದ. ನೊರೆ ಎದ್ದು ಘಾಟು ಮೂಗಿಗೆ ಬಡಿಯಿತು.

"ನಿನ್ನೆ ಬರೀ ಗೊಬ್ಬರ ಹೊಡೆದೆ ಧಣಿ, ಏನೂ ಆಗ್ಲಿಲ್ಲ. ಈ ವಿಷ ಯಾಕೆ ಬೆರೆಸ್ತೀರಿ? ಒಳಗೆ ಗಾಳಿನೇ ಆಡಲ್ಲ," ಎಂದಳು ಅಕ್ಕ.

"ಒಂದೇ ಸಲಕ್ಕೆ ಎರಡೂ ಕೆಲಸ ಮುಗೀಲಿ ಅಂತ. ನಂಗೇ ಹೇಳಿಕೊಡ್ತೀಯೇನೇ?"

ಡ್ರಿಪ್ಪಿನ ವಾಲ್ವಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ ಅವಳ ತಮ್ಮ ತಲೆ ಎತ್ತಲಿಲ್ಲ. ಆಳುಗಳೆಲ್ಲ ಅವನನ್ನು ಪುಕ್ಕಲ ಎಂದೇ ಕರೆಯುತ್ತಿದ್ದರು. ಧಣಿ ಕೆಮ್ಮಿದರೂ ಅವನು ಮರೆಗೆ ಸರಿಯುತ್ತಿದ್ದ. ಅಮ್ಮ ಸತ್ತ ಮೇಲೆ ಅವನ ಪಾಲಿನ ಬೈಗುಳವನ್ನೂ ಅಕ್ಕನೇ ತಿಂದು, ಅವನ ಪಾಲಿನ ಉತ್ತರವನ್ನೂ ಅವಳೇ ಕೊಡುತ್ತಾ ಬಂದಿದ್ದಳು.

ಅವಳು ಸೆರಗನ್ನು ಮೂಗಿಗೆ ಬಿಗಿದು, ಬ್ಯಾಟರಿ ಪಂಪನ್ನು ಬೆನ್ನಿಗೇರಿಸಿಕೊಂಡು ಕಬ್ಬಿನೊಳಗೆ ಹೋದಳು. ಆಳೆತ್ತರದ ಗರಿಗಳು ಅವಳ ಹಿಂದೆ ಮುಚ್ಚಿಕೊಂಡವು.

ಅಷ್ಟರಲ್ಲಿ ಜೀಪುಗಳು ಬಂದವು. ಧಣಿಯ ಬೆಳೆ ನೋಡಲು ಗೊಬ್ಬರದ ಕಂಪನಿಯವರು, ಅಧಿಕಾರಿಗಳು, ಫೋಟೋದವರು. ಹೊಲದ ಮುಂದೆ ಶಾಮಿಯಾನ, ಬಣ್ಣದ ಕುರ್ಚಿಗಳು. ಬೇರಿಗೆ ಹನಿ ನೀರು, ಎಲೆಗೆ ನ್ಯಾನೋ ಗೊಬ್ಬರ ಸಿಕ್ಕರೆ ಕಬ್ಬು ಹೇಗೆ ನೆಗೆಯುತ್ತದೆ ಎಂದು ಧಣಿ ಮೈಕು ಹಿಡಿದು ಬಣ್ಣಿಸತೊಡಗಿದ.

ಒಳಗೆ ಪಂಪಿನ ಗುಂಯ್ ಸದ್ದು ಸಾಲುಸಾಲಾಗಿ ದೂರ ಹೋಗುತ್ತಿತ್ತು. ಆಮೇಲೆ ಒಂದೇ ಕಡೆಯಿಂದ ಕೇಳಿಸತೊಡಗಿತು. ಅಲ್ಲಿಂದ ಅಲುಗಲೇ ಇಲ್ಲ.

"ಅಕ್ಕಾ?"

ಪುಕ್ಕಲ ಆಳುಗಳ ಮೇಸ್ತ್ರಿಯ ಹತ್ತಿರ ಓಡಿದ. "ಮೇಸ್ತ್ರಿ, ಅಕ್ಕ ಓಗೊಡ್ತಿಲ್ಲ."

"ಎಲ್ಲೋ ಬಿದ್ಕೊಂಡಿರ್ತಾಳೆ ಕಳ್ಳಮುಂಡೆ. ಸಾಹೇಬ್ರು ಹೋಗೋವರೆಗೂ ನಿನ್ನ ಉಸಿರೂ ಕೇಳಿಸಬಾರದು."

ಪುಕ್ಕಲ ಕಬ್ಬಿಗೆ ನುಗ್ಗಿದ. ಗರಿಗಳು ಕೆನ್ನೆ ಕೊಯ್ದವು. ಯಾವ ಕಡೆ ತಿರುಗಿದರೂ ಅದೇ ಹಸಿರು ಗೋಡೆ. ಸದ್ದಿನ ಬೆನ್ನು ಹಿಡಿದು ತಡವರಿಸುತ್ತಾ ಹೋದ.

ಅಕ್ಕ ಬೋರಲಾಗಿ ಬಿದ್ದಿದ್ದಳು. ಬೆನ್ನ ಮೇಲೆ ಪಂಪು ಇನ್ನೂ ಗುಂಯ್ಗುಡುತ್ತಿತ್ತು. ಕೈಯಿಂದ ಜಾರಿದ ನಳಿಗೆ ಅವಳ ಕೆನ್ನೆಯ ಪಕ್ಕದ ಮಣ್ಣಿಗೆ ಔಷಧಿ ಚಿಮ್ಮುತ್ತಿತ್ತು. ಅವನು ಪಂಪು ಕಳಚಿ ಅವಳನ್ನು ಮಗುಚಿ ಹಾಕಿದ. ಬಾಯಲ್ಲಿ ನೊರೆ. ಉಸಿರು ಗೊರಗೊರ ಎನ್ನುತ್ತಿತ್ತು.

"ಅಕ್ಕಾ, ಎದ್ದೇಳೇ. ನಂಗೆ ಭಯ ಆಗ್ತಿದೆ ಕಣೇ."

ಹಿಂದೆ ಗರಿ ಸರಿದು ಮೇಸ್ತ್ರಿ ಬಂದ. ನೋಡಿದವನ ಮುಖ ಬಿಳಿಚಿತು. ಆದರೂ ದನಿ ತಗ್ಗಿಸಿ ಹೇಳಿದ: "ಹಿಂದಿನ ಬದುವಿಗೆ ಎಳ್ಕೊಂಡು ಹೋಗು. ಜನ ಹೋದ್ಮೇಲೆ ನೋಡೋಣ. ಮುಂದೆ ಬಂದ್ಯೋ, ಧಣಿ ನಿನ್ನನ್ನ ಇಲ್ಲೇ ಹೂತುಬಿಡ್ತಾನೆ."

ಧಣಿ ಅಂಥವನೇ ಎಂದು ಪುಕ್ಕಲನಿಗೆ ಗೊತ್ತಿತ್ತು. ತೊಡೆಯ ಮೇಲೆ ಬಿಸಿಯಾಗಿ ಏನೋ ಇಳಿಯಿತು. ಉಚ್ಚೆ. ಮೇಸ್ತ್ರಿ ಮರೆಯಾದ ಮೇಲೆ ಅವನು ಅಕ್ಕನ ಕಂಕುಳಿಗೆ ಕೈ ಹಾಕಿದ. ಕಾಲಡಿ ಡ್ರಿಪ್ಪಿನ ಕರಿ ಪೈಪು ಸಿಕ್ಕಿತು. ಅದು ಹೋಗುವುದು ವಾಲ್ವಿಗೆ, ಹೊಲದ ಮುಂದಕ್ಕೆ, ಶಾಮಿಯಾನಕ್ಕೆ. ಪೈಪನ್ನು ಹಿಮ್ಮಡಿಯಲ್ಲಿ ತಡವುತ್ತಾ, ಮೈಕಿನ ದನಿಯ ಕಡೆಗೆ ಅವಳನ್ನು ಎಳೆಯತೊಡಗಿದ.

ಹಿಮ್ಮುಖವಾಗಿ ಅವನು ಹೊರಬಿದ್ದಾಗ ಧಣಿಯ ಮಾತು ಅರ್ಧಕ್ಕೆ ತುಂಡಾಯಿತು. ಕುರ್ಚಿಗಳು ಹಿಂದೆ ಸರಿದವು.

"ಕುಡ್ದು ಬಿದ್ದಿದ್ದಾಳೆ ಸಾರ್, ಇವ್ರದ್ದೆಲ್ಲ ದಿನಾ ಇದ್ದದ್ದೇ," ಎಂದು ನಕ್ಕ ಧಣಿ, ಹಲ್ಲು ಕಚ್ಚಿಕೊಂಡು ಹತ್ತಿರ ಬಂದ. "ಆಚೆ ಎತ್ಕೊಂಡು ಹೋಗೋ, ಬೋಳಿಮಗನೆ!"

"ವಿಷ ಬೆರೆಸಿದ್ದು ನೀನು," ಎಂದ ಪುಕ್ಕಲ. ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ಅದು ಎಷ್ಟು ಜನಕ್ಕೆ ಕೇಳಿಸಿತೋ.

ಅಕ್ಕನನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ಜೀಪಿನ ಬಾಗಿಲು ಎಳೆದ. ಸಾಹೇಬರ ಬಿಳಿ ಟವೆಲು ಹಾಸಿದ ಸೀಟಿನ ಮೇಲೆ ಅವಳನ್ನು ಮಲಗಿಸಿ, ತಲೆಯನ್ನು ತೊಡೆಗಿಟ್ಟುಕೊಂಡು ಕೂತ. "ಆಸ್ಪತ್ರೆಗೆ ನಡಿ," ಎಂದ ಡ್ರೈವರಿಗೆ.

"ಇಳಿಯೋ!" ಧಣಿ ಅಬ್ಬರಿಸಿದ.

ಡ್ರೈವರು ಕೀಲಿ ಹಿಡಿದು ಧಣಿಯ ಮುಖ ನೋಡಿದ, ಸಾಹೇಬರ ಮುಖ ನೋಡಿದ. ಅಕ್ಕನ ಉಸಿರು ಒಮ್ಮೆ ನಿಂತು, ಮತ್ತೆ ಎಳೆಯಿತು.

"ಇಳಿಯೋ ಅಂದೆ!"

ಪುಕ್ಕಲ ಗಡಗಡ ನಡುಗುತ್ತಿದ್ದ. ಇಳಿಯಲಿಲ್ಲ.