ಅತ್ತೆ ಮೂಸಿದ ಉಡುಪು

ದೋಣಿ ಬಂದರಿನ ಬಾಯಿ ದಾಟುವಾಗ ಇದ್ರೀಸ್ ಇನ್ನೊಮ್ಮೆ ಹೇಳಿದ. "ನೋಡು ಶಮ್ಲಾ, ಇವತ್ತು ಮುಂದಾಳು ನೀನು. ಸರಿಹೋದ್ರೆ ಈ ಸೀಸನ್ ಪೂರ್ತಿ ನಿಂದೇ. ಇಲ್ಲಾಂದ್ರೆ ಜಿನಾನ್."

ಇದ್ರೀಸ್ ಡೈವಿಂಗ್ ಅಂಗಡಿಯ ಮಾಲೀಕ. ಜಿನಾನ್ ಅವನ ಅಕ್ಕನ ಮಗ. ಈ ಕೆಲಸ ಸಿಗದಿದ್ದರೆ ಶಮ್ಲಾ ರಾಜಧಾನಿ ಮಾಲೆಗೆ ಹೋಗಿ ಹೋಟೆಲೊಂದರ ಕೌಂಟರಿನಲ್ಲಿ ನಿಲ್ಲಬೇಕಿತ್ತು. ಫುವಾಮುಲಾ ದ್ವೀಪದಲ್ಲಿ ಅವಳಿಗೆ ಬೇರೆ ಕೆಲಸವಿರಲಿಲ್ಲ.

"ಅತ್ತೆ ಬರ್ತಾಳಂತೀಯಾ?" ಎಂದ ಜಿನಾನ್.

"ನಿನ್ನ ಮುಖ ಕಂಡ್ರೆ ವಾಪಸ್ ಹೋಗ್ತಾಳೆ. ನೀನು ಹಿಂದೇನೇ ಇರು" ಎಂದಳು ಶಮ್ಲಾ.

ಅತ್ತೆ ಎಂದರೆ ಅಲ್ಲಿನ ಹುಲಿಶಾರ್ಕುಗಳಲ್ಲೆಲ್ಲ ದೊಡ್ಡ ಹೆಣ್ಣು. ಮೀನುಗಾರರು ಟ್ಯೂನಾ ತಲೆಗಳನ್ನು ಬಂದರಿನ ಬಾಯಲ್ಲೇ ಎಸೆಯುತ್ತ ಬಂದಿದ್ದರಿಂದ ಅವು ದೂರ ಹೋಗುವುದಿಲ್ಲ. ಡೈವಿಂಗಿನವರೂ ಒಂದೆರಡು ತಲೆಗಳನ್ನು ಕಲ್ಲಿನಡಿ ಸಿಕ್ಕಿಸುತ್ತಾರೆ. ಶಾರ್ಕ್ ಬಂದು ಕಲ್ಲನ್ನು ಮೂಸುತ್ತದೆ, ಅತಿಥಿಗಳು ದೂರದಲ್ಲಿ ಮಂಡಿಯೂರಿ ನೋಡುತ್ತಾರೆ. ಮೀನು ಮುಟ್ಟಿದವನು ಅತಿಥಿಗಳ ಹತ್ತಿರ ಸುಳಿಯುವಂತಿಲ್ಲ.

ಶಮ್ಲಾ ನಾಲ್ವರು ಜರ್ಮನ್ ಅತಿಥಿಗಳನ್ನು ನೀರಿನ ತಳದಲ್ಲಿ ಬಂಡೆಗೆ ಬೆನ್ನಾಗಿ ಕೂರಿಸಿದಳು. ಪಕ್ಕದಲ್ಲಿ ಜಿನಾನ್. ಅತ್ತೆ ನೀಲಿಯೊಳಗಿಂದ ಬಂದಳು, ಕಲ್ಲಿನ ಮೇಲೆ ಹಾದಳು, ಅಲ್ಲಿ ನಿಲ್ಲದೆ ನೇರ ಶಮ್ಲಾಳತ್ತ ತಿರುಗಿದಳು.

ಶಮ್ಲಾ ಅದರ ಮೂತಿಗೆ ಅಂಗೈ ಒತ್ತಿ ಪಕ್ಕಕ್ಕೆ ಸರಿಸಿದಳು. ಅದು ಕಲಿತ ವಿದ್ಯೆ. ಅತ್ತೆ ಸುತ್ತು ಹಾಕಿ ಮತ್ತೆ ಬಂದಳು. ಇನ್ನೊಮ್ಮೆ ಬಂದಳು, ಈ ಸಲ ಶಮ್ಲಾಳ ತಲೆಯ ಹತ್ತಿರಕ್ಕೆ. ಕಲ್ಲಿನಡಿಯ ಮೀನು ಇದ್ದ ಹಾಗೇ ಇತ್ತು.

ಆಗ ಅವಳಿಗೆ ಹೊಳೆಯಿತು. ಅಂಗಡಿಯ ಹಗ್ಗದ ಮೇಲೆ, ಗಂಡಸರ ಕಣ್ಣೆದುರು, ಮೈಗಂಟುವ ಉಡುಪನ್ನು ಒಣಹಾಕಲು ಅವಳಿಗೆ ಮನಸ್ಸಿಲ್ಲ. ಮನೆಗೆ ಒಯ್ಯುತ್ತಾಳೆ. ನಿನ್ನೆ ಅಮ್ಮ ಹಿತ್ತಿಲಲ್ಲಿ ರಿಹಾಕುರು ಮಾಡುತ್ತಿದ್ದಳು. ಟ್ಯೂನಾ ಬೇಯಿಸಿದ ನೀರನ್ನು ದಿನವಿಡೀ ಬತ್ತಿಸಿದ ಕಪ್ಪು ಗೊಜ್ಜು. ಉಡುಪು, ತಲೆಗವಸು ಎರಡೂ ಆ ಹಬೆಯಲ್ಲೇ ಒಣಗಿದ್ದವು. ಊರಿಗೆ ಊರೇ ಅದೇ ವಾಸನೆ ಹೊಡೆಯುವುದರಿಂದ ಯಾರ ಮೂಗಿಗೂ ಅದು ಬೇರೆ ಅನಿಸಿರಲಿಲ್ಲ.

ನೀರಿನಡಿ ಉಡುಪನ್ನು ಕಿತ್ತೆಸೆಯುವಂತಿರಲಿಲ್ಲ. ಅವಳು ಹೆಬ್ಬೆರಳು ಮೇಲೆ ಮಾಡಿ ಎಲ್ಲರಿಗೂ ಮೇಲಕ್ಕೆ ಹೊರಡಲು ಸನ್ನೆ ಮಾಡಿದಳು. ಹೋಲ್ಗರ್ ಎಂಬ ನರೆಗಡ್ಡದ ಅತಿಥಿ ತಲೆಯಲ್ಲಾಡಿಸಿ ಕ್ಯಾಮರಾ ಎತ್ತಿದ. ಜಿನಾನ್ ಅವನ ಭುಜದ ಪಟ್ಟಿ ಹಿಡಿದೆಳೆದ. ಐವರೂ ಮೇಲೆ ಹೋಗುವವರೆಗೆ ಶಮ್ಲಾ ಅವರಿಂದ ದೂರ ಉಳಿದಳು. ಅತ್ತೆ ಅವಳ ಜೊತೆಯಲ್ಲೇ ಇದ್ದಳು.

ಕೊನೆಗೆ ಅವಳೂ ದೋಣಿ ಹತ್ತಿದಾಗ ಹೋಲ್ಗರ್ ಕುಣಿಯುವುದೊಂದು ಬಾಕಿ. "ಇಷ್ಟು ಹತ್ತಿರ ನಾನೆಲ್ಲೂ ನೋಡಿಲ್ಲ! ನಾಳೇನೂ ಹೀಗೇ ಇರಬೇಕು."

ಶಮ್ಲಾ ಇದ್ರೀಸನನ್ನು ದೋಣಿಯ ಹಿಂಬದಿಗೆ ಕರೆದು ಆದದ್ದನ್ನು ಹೇಳಿದಳು. ಅವನು ಹೊಟ್ಟೆ ಹಿಡಿದು ನಕ್ಕ.

"ಅಮ್ಮಂಗೆ ಹೇಳು, ಇವತ್ತೂ ಒಲೆ ಹಚ್ಚಲಿ."

"ತಮಾಷೆ ಮಾಡ್ತಿದೀರಾ ಇದ್ರೀಸಣ್ಣ?"

"ಅರ್ಧ ತಮಾಷೆ. ಬಂದವರು ಖುಷಿಯಾಗಿದಾರೋ ಇಲ್ವೋ? ನಂಗೆ ಅಷ್ಟು ಸಾಕು."

"ನಾನು ಇದನ್ನ ಸೋಪು ಹಾಕಿ ತೊಳೀತೀನಿ."

"ಹಂಗಾದ್ರೆ ನಾಳೆ ಜಿನಾನ್ ಮುಂದಾಳು. ಅವನ ಸೂಟು ಒಯ್ದು ನಿಮ್ಮ ಹಿತ್ತಿಲಲ್ಲಿ ಹಾಕು."

ಜಿನಾನ್ ಅಲ್ಲೇ ಪಕ್ಕದಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ಅವನ ತುಟಿಗೆ ಇನ್ನೂ ಬಣ್ಣ ಬಂದಿರಲಿಲ್ಲ. "ಮಾವ, ನಿಮ್ಮ ಸೂಟೇ ಹಾಕಿ. ನೀವೇ ಇಳೀರಿ."

ಇದ್ರೀಸ್ ನೀರಿಗಿಳಿದು ವರ್ಷಗಳಾಗಿದ್ದವು. ಹೊಟ್ಟೆಗೆ ಬೆಲ್ಟು ಸಾಲುತ್ತಿರಲಿಲ್ಲ. ಅಡಿಕೆ ಹೋಳೊಂದನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಗಿದ.

"ಸರಿ, ತೊಳ್ಕೋ. ನೀನೇ ಕರ್ಕೊಂಡು ಹೋಗು. ಸೀಸನ್ ಮುಗಿಯೋವರೆಗೂ ನೀನೇ. ಇವನ ಕೈಲಿ ಏನೂ ಆಗಲ್ಲ."

ಮರುದಿನ ಅತ್ತೆ ಕಲ್ಲು ಮೂಸಿ, ದೂರದಿಂದಲೇ ಒಂದು ಸುತ್ತು ಹಾಕಿ ಹೊರಟುಹೋದಳು. ಮೇಲೆ ಬಂದ ಹೋಲ್ಗರ್ ನಿನ್ನೆಯಷ್ಟು ಚೆನ್ನಾಗಿರಲಿಲ್ಲ ಎಂದು ಗೊಣಗಿದ.

"ಅವಳಿಷ್ಟ" ಎಂದು ಶಮ್ಲಾ ಮುಂದಿನ ಗುಂಪಿನ ಸಿಲಿಂಡರುಗಳನ್ನು ನೋಡಲು ಹೋದಳು.